ಬೆರಳೆತ್ತಿದರೆ ಊದುವವನು

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದವನು ಗೂಢಚಾರನಲ್ಲವೆಂದು ನಾನು ಇಂದಿಗೂ ಬರೆದುಕೊಡಲಾರೆ.

ಎಪ್ಪತ್ತರ ದಶಕದ ಮಾತು. ನಾನು ಹಿರಿಯೂರಿನಲ್ಲಿ ಡ್ರಿಲ್ ಮೇಷ್ಟ್ರು. ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಐದೂವರೆಗೆ ಪೂಜೆ. ಅಂಚೆಗೆ ಕಾಗದ ಹಾಕುವುದು ಸೋಮವಾರ ಮಾತ್ರ. ಬಾಡಿಗೆಯವನು ಘಾನಾ ದೇಶದವನು. ಬಬ್ಬೂರು ಫಾರಂಗೆ ಬೇಸಾಯದ ತರಬೇತಿಗೆ ಬಂದಿದ್ದ. ಬೇಸಾಯ ಕಲಿಯುವವನಿಗೆ ಎರಡು ಬೀಗ ಹಾಕಿದ ಕಪ್ಪು ಪೆಟ್ಟಿಗೆ ಯಾಕೆ?

ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದ. ಯಾವ ಬಸ್ಸನ್ನೂ ಹತ್ತುತ್ತಿರಲಿಲ್ಲ. ಬಸ್ಸು ಬಂದಾಗಲೆಲ್ಲ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದ. ಕೊಡೆ ಅಡ್ಡ ಹಿಡಿದು, ಹಿಂದೆ ನಿಂತು ಇಣುಕಿದೆ. ಗೆರೆ, ಚುಕ್ಕೆ, ಚುಕ್ಕೆಗೊಂದು ಬಾಲ. ಸಂಕೇತಲಿಪಿಯೇ ಸರಿ! ಕೇಳಿದರೆ, ಹೊಸದುರ್ಗದ ಬಸ್ಸಿನ ಹಾರ್ನಿನ ಸ್ವರ ಬರೆದುಕೊಳ್ಳುತ್ತಿದ್ದೇನೆ ಎಂದ. ಅವನಜ್ಜಿ ಹಳ್ಳಿಯಲ್ಲಿ ಡೋಲಿಗೆ ಹಾಡು ಕಟ್ಟುವವಳಂತೆ. ಇವನು ಆ ತಾಳಕ್ಕೆ ಪೇಟೆಯ ಸದ್ದು ಕೂಡಿಸಿ ಟ್ರಂಪೆಟ್ಟಿನಲ್ಲಿ ಜಾಝ್ ಊದುವವನಂತೆ. ಹಾರ್ನ್ ಬರೆದುಕೊಳ್ಳುವವನನ್ನು ಯಾರಾದರೂ ನಂಬುತ್ತಾರೆಯೇ?

ಒಂದು ಬೆಳಿಗ್ಗೆ, ಸರಿಯಾಗಿ ನನ್ನ ಐದೂವರೆಗೆ, ಪೆಟ್ಟಿಗೆ ತೆರೆಯಿತು. ಟ್ರಂಪೆಟ್ಟಿನಿಂದ ಮೊದಲು ಹೊಸದುರ್ಗದ ಬಸ್ಸು ಬಂತು. ಅದರ ಹಿಂದೆಯೇ ಅಜ್ಜಿಯ ಡೋಲು ಕುಣಿಯುತ್ತ ಬಂತು. ಪೂಜೆಯ ಗಂಟೆ ಹಿಡಿದಿದ್ದ ನನ್ನ ಕೈ ಅದರ ತಾಳಕ್ಕೇ ಅಲ್ಲಾಡಿತು! ಅವನ ಕಿಟಕಿಗೆ ಹೋಗಿ, ಇಡೀ ಶಾಲೆಯ ಬಾಯಿ ಮುಚ್ಚಿಸುವ ನನ್ನ ತೋರುಬೆರಳನ್ನು ಎತ್ತಿದೆ. ಅವನು ನಕ್ಕು, ಜೋರಾಗಿ ಊದಿದ. ಬೆರಳನ್ನು ಇನ್ನೂ ಮೇಲೆತ್ತಿ ಆಡಿಸಿದೆ. ಟ್ರಂಪೆಟ್ ಆಕಾಶ ನೋಡಿತು!

ವಾರವೆಲ್ಲ ಇದೇ ಕಥೆ. ಪಕ್ಕದ ಮನೆಯ ಟೈಲರ್ ಸಾಬರು, "ಏನ್ ಮೇಷ್ಟ್ರೇ, ನೀವೇ ಬೆರಳೆತ್ತಿ ಊದುಸ್ತೀರಂತೆ?" ಎಂದರು. ನನ್ನ ಹೆಂಡತಿಯಂತೂ, "ಊದ್ಲಿ ಬಿಡ್ರಿ, ನಿಮ್ಮ ಸೀಟಿಗಿಂತ ಚೆಂದಾಗೈತೆ" ಎಂದಳು.

ಬೇಕೆಂದೇ ಅವಮಾನ ಮಾಡುತ್ತಿದ್ದಾನೆ! ಅವನ ಮೇಲಧಿಕಾರಿಗೆ ಕಾಗದ ಬರೆದೆ: ಈತನ ನಡತೆ ಸಂಶಯಾಸ್ಪದ, ತರಬೇತಿ ನಿಲ್ಲಿಸಿ ಸ್ವದೇಶಕ್ಕೆ ಕಳಿಸುವುದು ಲೇಸು. ಮಡಿಸಿ ಜೇಬಿನಲ್ಲಿಟ್ಟೆ. ಸೋಮವಾರ ಬರಲಿ.

ಭಾನುವಾರ ಮನೆಯಂಗಳದಲ್ಲಿ ಮಗಳ ಮದುವೆ. ಓಲಗದವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ತಾಳಿ ಕಟ್ಟುವಾಗ ಯಾರಾದರೂ ಸೀನಿದರೆ ಕೇಳಿಸಬಾರದೆಂದೇ ಅಲ್ಲವೇ ಗಟ್ಟಿಮೇಳ? ವರನ ತಾಯಿ ಹಲ್ಲಿ ಲೊಚಗುಟ್ಟಿದರೂ ಎದ್ದು ಹೋಗುವವರು. ವರನ ಸೋದರಮಾವನೋ, ನಶ್ಯದ ಡಬ್ಬಿ ಬಿಟ್ಟಿರದವರು. ವರ ತಾಳಿ ಹಿಡಿದ. ಸೋದರಮಾವ ಮುಖ ಮೇಲೆತ್ತಿ ಬಾಯಿ ತೆರೆದರು. ಪುರೋಹಿತರು ಅಭ್ಯಾಸಬಲದಿಂದ ಓಲಗವಿಲ್ಲದ ಮೂಲೆಗೇ ತೋರುಬೆರಳೆತ್ತಿ ಆಡಿಸಿದರು.

ಚಪ್ಪರದ ಹಿಂದಿನಿಂದ, ಟ್ರಂಪೆಟ್ಟಿನೊಳಗಿಂದ, ಹೊಸದುರ್ಗದ ಬಸ್ಸು ನುಗ್ಗಿತು! ಸೋದರಮಾವ ಸೀನಿದ್ದು ಅವರಿಗೇ ಕೇಳಿಸಲಿಲ್ಲ. ಮೂರು ಗಂಟೂ ಬಿದ್ದವು.

ಊಟವಾದ ಮೇಲೆ ಅವನನ್ನು, ನಿನಗೆ ಇದೆಲ್ಲ ಹೇಗೆ ಗೊತ್ತು ಎಂದು ಅನುಮಾನದಿಂದಲೇ ಕೇಳಿದೆ. ಬಬ್ಬೂರಿನಲ್ಲಿ ಒಂದು ಮದುವೆ ನೋಡಿದ್ದನಂತೆ. ಹೊಲದ ಆಳುಗಳಿಂದ ಕಲಿತ ಕನ್ನಡದಲ್ಲಿ ಹೇಳಿದ:

"ಬೆರಳೆತ್ತಿದ್ರೆ ಜೋರಾಗಿ ಊದ್ಬೇಕು. ದಿನಾ ನೀವೇ ಎತ್ತುತೀರಲ್ರಿ. ನಮ್ಮೂರಾಗೆ ಎಲ್ರೂ ನಿಲ್ಸು ಅಂದೋರೇ. ಊದು ಅಂದೋರು ನಮ್ಮಜ್ಜಿ ಒಬ್ಳು, ಆಮ್ಯಾಕೆ ನೀವು."

ನನ್ನ ಕೈ ಕಾಗದವಿದ್ದ ಜೇಬನ್ನು ಮುಚ್ಚಿಕೊಂಡಿತು.

ಸೋಮವಾರ ಆ ಕಾಗದ ಅಂಚೆಗೆ ಹೋಗಲಿಲ್ಲ, ಬಚ್ಚಲ ಒಲೆಗೆ ಹೋಯಿತು. ಐದೂವರೆಯಾಯಿತು. ಮದುವೆಯ ದಣಿವಿಗೋ ಏನೋ, ಮುಂದಿನ ಕೋಣೆಯಲ್ಲಿ ಸದ್ದಿಲ್ಲ. ಮಗಳನ್ನು ಕಳಿಸಿಕೊಟ್ಟ ನಮ್ಮ ಮನೆಯಲ್ಲೂ ಸದ್ದಿಲ್ಲ. ಗಂಟೆ ಕೆಳಗಿಟ್ಟು ಹೊರಗೆ ಬಂದೆ. ಅವನ ಕಿಟಕಿಯ ಮುಂದೆ ನಿಂತು, ಅವನು ಕಣ್ಣು ಬಿಡುವವರೆಗೂ ಬೆರಳೆತ್ತಿಕೊಂಡೇ ಇದ್ದೆ.