ಕೆಂಪಿಯ ಹೆಸರಿನಲ್ಲಿ ನಾನೂರ ಹನ್ನೆರಡು ಫೋಲ್ಡರ್

ಮಂಜೂರು ಪೇಟೆಯಿಂದ ಮೇಲಕ್ಕಿರುವ ಮೂರುಕಲ್ಲು ಸಣ್ಣ ಚಹಾ ಬೆಳೆಗಾರರ ಫ್ಯಾಕ್ಟರಿಯಲ್ಲಿ ಸಕಲ ಅಧಿಕಾರವೂ ಕಸ ಗುಡಿಸುವ ಕೆಂಪಿಯ ಕೈಯಲ್ಲಿದೆ ಎಂಬುದು ಅಧಿಕೃತವಾಗಿ ಸಾಬೀತಾದದ್ದು ಹೋದ ಮಾರ್ಚ್ ತಿಂಗಳ ಎರಡನೆಯ ಮಂಗಳವಾರ. ಅಲ್ಲಿಯವರೆಗೆ ಈ ಸಂಗತಿ ಕೆಂಪಿಗೂ ಗೊತ್ತಿರಲಿಲ್ಲ.

ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಹನ್ನೊಂದು ವರ್ಷದಿಂದ ತಾನು ದಿನಗೂಲಿ. ಕೆಲಸ ಕಾಯಂ ಮಾಡಿರೆಂದು ಒಂಬತ್ತು ಅರ್ಜಿ ಬರೆಸಿ ಕೊಟ್ಟಿದ್ದಳು. ಒಂಬತ್ತಕ್ಕೂ ಮ್ಯಾನೇಜರ್ ರಾಜೇಶ್‌ಕುಮಾರ್ ಕೊಟ್ಟ ಉತ್ತರ ಒಂದೇ, "ಪರಿಶೀಲನೆಯಲ್ಲಿದೆ."

ವಿಷಯ ಶುರುವಾದದ್ದು ಮಂಜಿನ ಕಡಿತದಿಂದ. ಮಂಜಿಗೆ ನೆಂದ ಎಲೆ ಬಂದರೆ ತೂಕದಲ್ಲಿ ಒಂದಿಷ್ಟು ಮುರಿದುಕೊಳ್ಳಬಹುದೆಂಬ ನಿಯಮವಿತ್ತು. ಮ್ಯಾನೇಜರರು ನಿಯಮನಿಷ್ಠರು, ಬಿರುಬಿಸಿಲಿನಲ್ಲೂ ಮುರಿದುಕೊಂಡರು. ಮುರಿದ ಎಲೆ ಅವರ ಭಾವಮೈದುನನ ಹೆಸರಿನಲ್ಲಿ ಮತ್ತೊಮ್ಮೆ ತಕ್ಕಡಿ ಏರುತ್ತಿತ್ತು. ಎಲೆ ತರುವ ಹಟ್ಟಿಯವರು ಊಟಿಯಲ್ಲಿರುವ ಮೇಲಧಿಕಾರಿಗಳ ಕಚೇರಿಗೆ ದೂರು ಕೊಟ್ಟರು. ಮರುದಿನವೇ ಸರ್ವರಿನಲ್ಲಿದ್ದ 'ಮಂಜಿನ ಕಡಿತ' ಎಂಬ ಫೋಲ್ಡರ್ ಕಾಣೆಯಾಯಿತು.

ಊಟಿಯಿಂದ ಆದೇಶ ಬಂತು: "ಸರ್ವರಿನ ಪ್ರತಿಯೊಂದು ಫೋಲ್ಡರನ್ನು ತೆರೆಯುವ, ತಿದ್ದುವ ಹಾಗೂ ಅಳಿಸುವ ಹಕ್ಕು ಯಾರಿಗಿದೆ ಎಂಬ ಪಟ್ಟಿಯನ್ನು ಮಾನವ ಹಸ್ತಕ್ಷೇಪವಿಲ್ಲದೆ, ಪ್ರೋಗ್ರಾಮ್ ಮುಖಾಂತರವೇ ತಯಾರಿಸಿ ಸಲ್ಲಿಸತಕ್ಕದ್ದು."

ಕಂಪ್ಯೂಟರಿನ ಸುಧಾಕರನ್ ಬಂದು ಪ್ರೋಗ್ರಾಮ್ ಬರೆದ. ಒಂದು ಚಹಾ ಕುಡಿಯುವಷ್ಟರಲ್ಲಿ ಪಟ್ಟಿ ಹೊರಬಿತ್ತು. ನಾನೂರ ಹನ್ನೆರಡು ಫೋಲ್ಡರ್. ಪ್ರತಿಯೊಂದರ ಮುಂದೆಯೂ: ಕೆಂಪಿ, ಸಂಪೂರ್ಣ ಹಕ್ಕು. ಮ್ಯಾನೇಜರರ ಹೆಸರಿನಲ್ಲಿ ಒಂದೂ ಇರಲಿಲ್ಲ.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಸರ್ವರ್ ಬಂದ ವರ್ಷ ಅದನ್ನು ಕೂರಿಸಿದವನು, ಬೆಳಗ್ಗೆ ಮೊದಲು ಬರುವವರು ಯಾರೆಂದು ಕೇಳಿದ್ದ. ಕೆಂಪಿ ಅಂದರು. ಅವಳ ಹೆಸರಿನಲ್ಲೇ ಒಂದು ಲಾಗಿನ್ ಮಾಡಿ, ಪಾಸ್‌ವರ್ಡ್ ಕಲಿಸಿ ಹೋದ. ಅವಳಿಗೆ ಅಕ್ಷರ ಬಾರದು, ಆದರೆ ಎಲೆ ಕಿತ್ತು ಪಳಗಿದ ಬೆರಳಿಗೆ ಆರು ಗುಂಡಿಗಳ ಜಾಗ ಸಾಕಾಯಿತು. ಉಳಿದವರು ತಮ್ಮ ಲಾಗಿನ್‌ಗೆ ಫಾರಂ ತುಂಬಬೇಕಿತ್ತು, ತುಂಬಲಿಲ್ಲ. ಕಂಪ್ಯೂಟರ್ ತೆರೆಯುವುದು ಗುಡಿಸುವವಳ ಕೆಲಸವೆಂದು ಮರ್ಯಾದಸ್ಥರೆಲ್ಲ ಒಪ್ಪಿಕೊಂಡಿದ್ದರು. ಅವಳು ತೆರೆದಿಟ್ಟದ್ದರ ಮುಂದೆ ಬಂದು ಕೂತು, ಹನ್ನೊಂದು ವರ್ಷ ಎಲ್ಲರೂ ಕೆಂಪಿಯಾಗಿಯೇ ದುಡಿದರು, ಕೆಂಪಿಯಾಗಿಯೇ ಕದ್ದರು.

ಸುಧಾಕರನ್ ಇದನ್ನು ವಿವರಿಸಲು ಹೋದ. "ಸಾರ್, ಇದನ್ನ ಅಳಿಸಿದ್ದು ಈ ಅಕ್ಕ ಅಲ್ಲ."

"ಪ್ರೋಗ್ರಾಮ್ ಸುಳ್ಳು ಹೇಳುತ್ತೇನಪ್ಪ?" ಎಂದರು ಮ್ಯಾನೇಜರರು.

"ಇಲ್ಲ ಸಾರ್."

"ಮತ್ತೆ ನೀನ್ಯಾಕೆ ಹಸ್ತಕ್ಷೇಪ ಮಾಡ್ತೀಯ?"

ಕೆಂಪಿ ತನಗೆ ಓದಲೇ ಬಾರದೆಂದಳು. ಅಳಿಸುವವರಿಗೆ ಓದು ಬರಬೇಕೆಂದು ಯಾವ ನಿಯಮದಲ್ಲೂ ಇಲ್ಲವೆಂದು ಗುಮಾಸ್ತೆ ವಸಂತಾಮಣಿ ಪುಸ್ತಕ ತೆರೆದು ತೋರಿಸಿದಳು. ಅದೇ ಪುಸ್ತಕದಲ್ಲಿ ಇನ್ನೊಂದು ತೊಡಕು ಸಿಕ್ಕಿತು. ದಿನಗೂಲಿಯವರನ್ನು ಅಮಾನತು ಮಾಡುವಂತಿಲ್ಲ, ಅಮಾನತಾಗುವವರು ಕಾಯಂ ಆಗಿರತಕ್ಕದ್ದು. ಆದಕಾರಣ ಬೆಳಗ್ಗೆ ಹನ್ನೊಂದಕ್ಕೆ ಕೆಂಪಿಯನ್ನು ಕಾಯಂ ಮಾಡಲಾಯಿತು.

ಪಾಪ, ಅವಳಿಗೆ ಮುಂದಿನದನ್ನು ಯಾರೂ ಹೇಳಿರಲಿಲ್ಲ. ಆದೇಶವನ್ನು ಕಣ್ಣಿಗೊತ್ತಿಕೊಂಡಳು. ಮಂಜೂರಿಗೆ ಇಳಿದು ಬೇಕರಿಯಿಂದ ಗರಿಗರಿ ವರ್ಕಿ ಬಿಸ್ಕತ್ತು ತಂದು ಎಲ್ಲರಿಗೂ ಹಂಚಿದಳು. ಮ್ಯಾನೇಜರರು ಎರಡು ತಿಂದು, ಕೈ ಒರೆಸಿಕೊಂಡು, ಮೂರು ಗಂಟೆಗೆ ಅಮಾನತಿನ ಆದೇಶಕ್ಕೆ ಸಹಿ ಹಾಕಿದರು. ಆದೇಶದ ಕೆಳಗೆ ಕಂಪ್ಯೂಟರ್ ತಾನಾಗಿಯೇ ಅಚ್ಚು ಹಾಕಿತ್ತು: ತಯಾರಿಸಿದವರು, ಕೆಂಪಿ. ಪರಿಶೀಲಿಸಿದವರು, ಕೆಂಪಿ. ಅನುಮೋದಿಸಿದವರು, ಕೆಂಪಿ. ತಪ್ಪಿತಸ್ಥೆ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ ವಿಚಾರಣೆ ಅನಗತ್ಯವೆಂದು ಊಟಿಯವರು ಕಡತ ಮುಚ್ಚಿದರು.

ಮರುದಿನ ಕೆಂಪಿ ಮನೆಯಲ್ಲೇ ಉಳಿದಳು. ಒಂಬತ್ತು ಗಂಟೆಯಾದರೂ ಒಂದು ಕಂಪ್ಯೂಟರೂ ತೆರೆಯಲಿಲ್ಲ, ತಕ್ಕಡಿಯೂ ನಿಂತಿತು. ಹತ್ತಕ್ಕೆ ಹೊಸ ಸುತ್ತೋಲೆ ಹೊರಟಿತು: "ಅಮಾನತಾದ ನೌಕರರು ಪ್ರತಿದಿನ ಏಳು ಗಂಟೆಗೆ ಹಾಜರಾಗಿ ಹೆಬ್ಬೆಟ್ಟು ಒತ್ತತಕ್ಕದ್ದು. ಬಂದವರು ಸುಮ್ಮನೆ ನಿಲ್ಲದೆ ಕಂಪ್ಯೂಟರ್ ತೆರೆದು, ಕಸ ಗುಡಿಸಿ ಹೋಗತಕ್ಕದ್ದು." ಅವಳು ಬಂದಳು. ಎಲ್ಲವೂ ಮೊದಲಿನಂತೆ ನಡೆಯಿತು.

ಸೋಮವಾರ ಕೆಂಪಿ ತನ್ನ ಹತ್ತು ಸೆಂಟ್ ತೋಟದ ಎಲೆಯನ್ನು ತೂಕಕ್ಕೆ ತಂದಳು. ನೆತ್ತಿ ಸುಡುವ ಬಿಸಿಲು. ಮಂಜಿಗೆಂದು ನಾಲ್ಕು ಕಿಲೋ ಮುರಿದಿದ್ದರು. ಮುರಿದವರು ಯಾರೆಂದು ಕೇಳಿದಳು. ವಸಂತಾಮಣಿ ಚೀಟಿ ಓದಿದಳು. "ಕೆಂಪಿ ಅಂತಿದೆ, ಅಕ್ಕ. ದೂರಿದ್ದರೆ ಚೀಟಿಯಲ್ಲಿ ಹೆಸರಿರೋರಿಗೇ ಕೊಡಬೇಕಂತೆ."

ಹಿಂದೆ ಸಾಲಿನಲ್ಲಿ ನಿಂತಿದ್ದ ಹಟ್ಟಿಯವರು ತಂತಮ್ಮ ಚೀಟಿ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಮುಂದೆ ಬಂದು, ತಮ್ಮ ದೂರುಗಳನ್ನು ಬಹಳ ವಿನಯದಿಂದ ಅವಳ ಕೈಗೇ ಕೊಟ್ಟರು. ಕೆಂಪಿ ಅವನ್ನೆಲ್ಲ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂಬುದು ಹನ್ನೊಂದು ವರ್ಷದಲ್ಲಿ ಅವಳಿಗೆ ಬಾಯಿಪಾಠವಾಗಿತ್ತು.

"ಪರಿಶೀಲನೆಯಲ್ಲಿದೆ" ಎಂದು ಹೇಳಿ, ಪೊರಕೆ ತೆಗೆದುಕೊಂಡು ಒಳಗೆ ಹೋದಳು.