ಹನುಮಪ್ಪನ ಹೂವೂ ನನ್ನ ಪೆನ್ಶನ್ನೂ

ಗಣಿತ ಮಾಸ್ತರನಾದ ನನಗೆ ಲೆಕ್ಕವೆಂದರೆ ನೀರು ಕುಡಿದಷ್ಟು ಸುಲಭ ಎಂಬುದು ಇಡೀ ಕುಷ್ಟಗಿಗೆ ಗೊತ್ತಿತ್ತು. ಗೊತ್ತಿರಲೆಂದು ನಾನೇ ಹೇಳಿಕೊಂಡಿದ್ದೆ. ಹೀಗಾಗಿ ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಹೈಸ್ಕೂಲಿಗೆ ಆ ಸುತ್ತೋಲೆ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ನಿವೃತ್ತಿಯಾದ ದಿನ ಪ್ರಾವಿಡೆಂಟ್ ಫಂಡಿನ ಇಡಿಗಂಟು ಬೇಕೋ, ಸಾಯುವತನಕ ತಿಂಗಳ ಪೆನ್ಶನ್ ಬೇಕೋ? ಒಂದು ತಿಂಗಳೊಳಗೆ ಬರೆದುಕೊಡಬೇಕು. ಒಮ್ಮೆ ಬರೆದದ್ದನ್ನು ಬದಲಿಸುವಂತಿಲ್ಲ.

ಡ್ರಿಲ್ ಮಾಸ್ತರಿಗೆ ಫಂಡು ಎಂದೆ, ಹಿಂದಿ ಪಂಡಿತರಿಗೆ ಪೆನ್ಶನ್ ಎಂದೆ. ಇಬ್ಬರೂ ಚಹಾ ಕುಡಿಸಿದರು. ಸುತ್ತೋಲೆಯ ಒಂದು ಪ್ರತಿ ಮನೆಗೂ ತಂದು ನನ್ನ ಲೆಕ್ಕಕ್ಕೆ ಕೂತಾಗ ಮಾತ್ರ ಒಂದು ಅಂಕಿ ಕಡಿಮೆ ಬಿತ್ತು. ನಾನು ಎಂದು ಸಾಯುತ್ತೇನೆ?

"ನಾ ಎಷ್ಟು ವರ್ಷ ಬದುಕಬಹುದು, ಅಂದಾಜು ಹೇಳು ನೋಡೋಣ" ಎಂದು ಹೆಂಡತಿ ಗಿರಿಜೆಯನ್ನು ಕೇಳಿದೆ.

"ದೀಪ ಹಚ್ಚೋ ಹೊತ್ತಿನ್ಯಾಗ ಎಂಥಾ ಮಾತ ಆಡ್ತೀರಿ. ಸುಮ್ನ ಪೆನ್ಶನ್ ಬರದು ಕೊಡ್ರಿ."

"ಇಡಿಗಂಟು ಬಂದ್ರ ಗಂಗಾವತಿಯೊಳಗ ಅಕ್ಕಿ ಗಿರಣಿ ಪಾಲು ತಗೋಬಹುದು."

"ನಾಳೆ ನಿಮಗ ಏನರ ಆದ್ರ, ಗಿರಣಿಯವ ನನಗ ದಿನಾ ಅಕ್ಕಿ ಅಳದು ಕೊಡ್ತಾನೇನ್ರಿ?"

ಅಂದಿನಿಂದ ನೆಮ್ಮದಿ ಹೋಯಿತು. ಬೆಳಿಗ್ಗೆ ಏಳುವಾಗ ಗಿರಣಿ, ಊಟಕ್ಕೆ ಕೂತಾಗ ಪೆನ್ಶನ್. ಬೋರ್ಡಿನ ಮೇಲೆ ಚಕ್ರಬಡ್ಡಿ ಬಿಡಿಸುತ್ತ ಉತ್ತರದ ಜಾಗದಲ್ಲಿ ನನ್ನ ವಯಸ್ಸು ಬರೆದೆ. ಶಾಲೆಯ ಗುಮಾಸ್ತ ಶರಣಪ್ಪ ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದೆ.

ಕೊನೆಯ ದಿನ ಸೋಮವಾರ. ಶನಿವಾರ ಗಿರಿಜೆ ನನ್ನನ್ನು ಹನುಮಪ್ಪನ ಗುಡಿಗೆ ಹೂ ಕೇಳಲು ಕರೆದೊಯ್ದಳು. ದೇವರ ಮೈಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. 'ಫಂಡು ತಗೊಳ್ಳಲೇನಪ್ಪಾ?' ಎಂದು ಮನಸ್ಸಿನಲ್ಲೇ ಕೇಳಿದೆ. ಹೂ ಟಪ್ಪನೆ ಬಲಕ್ಕೆ ಬಿತ್ತು. ನನಗೆ ಗಿರಣಿಯ ಸದ್ದೇ ಕೇಳಿಸಿತು!

ಮೆಟ್ಟಿಲಿಳಿಯುವಾಗ ನೋಡಿದರೆ ಗಿರಿಜೆಯೂ ನಗುತ್ತಿದ್ದಾಳೆ.

"ನೀನೂ ಏನರ ಕೇಳಿದೇನು?"

"ಕೇಳ್ದೆ. ಕೊಟ್ಟ. ಏನಂತ ಹೇಳಬಾರದು."

ಬಿದ್ದದ್ದು ಒಂದೇ ಹೂ. ತಿರುಗಿ ಓಡಿ ಪೂಜಾರಿಯನ್ನು ಕೇಳಿದೆ, "ಹೂ ಯಾರ ಮಾತಿಗೆ ಬಿತ್ರಿ?"

"ಗಂಡ ಹೆಂಡತಿ ಕೂಡಿ ಬಂದೀರಿ, ಒಂದ ಮಾತು ಕೇಳಿರ್ತೀರಿ ಅಂತ ಕೊಟ್ಟಾನ್ರಿ. ಮತ್ತ ಕೇಳಿದ್ರ ದೇವರಿಗೆ ಸಿಟ್ಟು ಬರ್ತೈತಿ."

ಭಾನುವಾರ ಅರ್ಜಿಯ ಮುಂದೆ ಪೆನ್ನು ಹಿಡಿದು ಕೂತೆ. ಸೋಮವಾರವೂ ಕೂತೆ. ಮಂಗಳವಾರ ಒಂದು ದಿನದ ವಿನಾಯಿತಿ ಬೇಡಲು ಶರಣಪ್ಪನ ಬಳಿ ಹೋದೆ. ಅವನು ಸುತ್ತೋಲೆಯನ್ನು ಮಗುಚಿ ತೋರಿಸಿದ.

"ಏನೂ ಬರದು ಕೊಡಲಾರದವರು ಪೆನ್ಶನ್ನಿಗೆ ಒಪ್ಪಿದಂಗ ಅಂತ ಹಿಂದ ಐತಲ್ರಿ ಮಾಸ್ತರ. ಓದಿಲ್ಲೇನ್ರಿ?"

ಪ್ರಶ್ನೆಪತ್ರಿಕೆಯ ಎರಡೂ ಬದಿ ಓದಿ ಎಂದು ವರ್ಷಗಟ್ಟಲೆ ಮಕ್ಕಳ ಕಿವಿ ಹಿಂಡಿದವನು ನಾನು. ನಾಚಿಕೆಯಾಯಿತು.

ಮನೆಗೆ ಬಂದು ಹೇಳಿದರೆ ಗಿರಿಜೆ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಅದನ್ನ ನಾ ಮೊದಲ ದಿನಾನ ಓದಿದ್ದೆ. 'ಇವರು ಏನೂ ಬರೀದಂಗ ಮಾಡಪ್ಪಾ' ಅಂತ ಹನುಮಪ್ಪಗ ಕೇಳ್ದೆ."

ಈಗ ತಿಂಗಳು ತಿಂಗಳಿಗೆ ಪೆನ್ಶನ್ ಬರುತ್ತದೆ. ಬಂದ ದಿನ ಅವಳು ಗುಡಿಗೆ ಹೂ ಒಯ್ಯುತ್ತಾಳೆ. ಏನು ಕೇಳಿಕೊಳ್ಳುತ್ತಾಳೋ ಎಂದು ಕೂತಲ್ಲಿ ಕೂರಲಾಗದೆ ನಾನೂ ಹಿಂದೆಯೇ ಹೋಗುತ್ತೇನೆ. ನಾನೇನೂ ಕೇಳುವುದಿಲ್ಲ. ಹೊರಗೆ ಚಪ್ಪಲಿ ಕಾಯುತ್ತೇನೆ.