ಕೋಳಿಗೂ ನನಗೂ ಒಂದೇ ಬೇಲಿ

ಅರಕಲಗೂಡಿನಲ್ಲಿ ಒಂದು ದಿನದ ರೈತ ತರಬೇತಿ, ಊಟ ಸಮೇತ. ವಾಪಸ್ ಬರುವಷ್ಟರಲ್ಲಿ ನಾನು ವಿಜ್ಞಾನಿಯಾಗಿದ್ದೆ! ಕೈಯಲ್ಲಿ ಟ್ರೈಕೋಡರ್ಮಾ ಪುಡಿಯ ಪೊಟ್ಟಣ. ಇದು ಒಳ್ಳೆಯ ಬೂಷ್ಟು. ಗೊಬ್ಬರದಲ್ಲಿ ಬೆಳೆಸಿ ಹೊಲಕ್ಕೆ ಹಾಕಿದರೆ, ಶುಂಠಿ ಕೊಳೆಸುವ ಕೆಟ್ಟ ಬೂಷ್ಟನ್ನು ತಿಂದುಹಾಕುತ್ತದೆ.

"ಉಪ್ಪಿನಕಾಯಿಗೆ ಬೂಷ್ಟು ಬಂದ್ರೆ ನನ್ನ ಬಯ್ತೀರಿ. ಈಗ ನೀವೇ ಸಾಕ್ತೀರಾ?" ಎಂದಳು ಹೆಂಡತಿ ಸಾವಿತ್ರಿ. ಶುಂಠಿ ಹೊಲ ಅವಳ ತವರಿನದು. ಹೋದ ವರ್ಷ ಅರ್ಧ ಬೆಳೆ ಕೊಳೆತಿತ್ತು. ಈ ಸಲವೂ ಕೊಳೆತರೆ ಹೊಲ ಅವಳ ತಮ್ಮನ ಕೈಗೆ ಎಂದು ತೀರ್ಮಾನವಾಗಿತ್ತು. ತೀರ್ಮಾನಿಸಿದವಳು ಅವಳೇ.

ಕೊಟ್ಟಿಗೆಯ ನೆರಳಲ್ಲಿ ಗೊಬ್ಬರ ಹರಡಿ, ಬೆಲ್ಲದ ನೀರಲ್ಲಿ ಪುಡಿ ಕಲಸಿ ಚಿಮುಕಿಸಿ, ಒದ್ದೆ ಗೋಣಿ ಹೊದಿಸಿದೆ. ದಿನಾ ಗೋಣಿ ಎತ್ತಿ ನೋಡುತ್ತಿದ್ದೆ. ಮಕ್ಕಳಿಗೆ ಜ್ವರ ಬಂದಾಗಲೂ ಇಷ್ಟು ನೋಡಿದವನಲ್ಲ! ಕೊನೆಗೂ ಹಸಿರು ಬೂಷ್ಟು ಹರಡಿತು. ಪಕ್ಕದ ಹೊಲದ ಕರಿಯಪ್ಪನನ್ನು ಕರೆದು ತೋರಿಸಿದೆ.

"ಓಗ್ಲಿ ಬುಡಣ್ಣ, ನೀನೂ ಏನೋ ಒಂದು ಬೆಳುದ್ಯಲ್ಲ" ಎಂದ.

ಗೊಬ್ಬರ ಹೊಲ ಸೇರಿತು. ಸಾವಿತ್ರಿ ಎರಡು ಮಂಕರಿ ಗೊಬ್ಬರ ಒಯ್ದು, ಹೊಲದ ಮೂಲೆಯಲ್ಲಿ ತಾನೇ ನೆಟ್ಟಿದ್ದ ಸಾಲಿಗೆ ಹಾಕಿ, ಸುತ್ತ ಹಳೆ ಸೀರೆಯ ಬೇಲಿ ಕಟ್ಟಿದಳು. "ಕೋಳಿ ಬರ್ಬಾರ್ದು. ನೀವೂ ಬರ್ಬಾರ್ದು."

ಅಷ್ಟರಲ್ಲಿ ನನ್ನ ಕಡೆಯ ಒಂದು ಗಿಡದ ಎಲೆ ಹಳದಿಯಾಯಿತು. ಕರಿಯಪ್ಪನ ಹತ್ತಿರ ಓಡಿದೆ.

"ಅಂಗಡಿ ಔಸ್ದೀನೂ ಒಂದ್ ಕೈ ಉಯ್ದುಬುಡು ಕಣಣ್ಣ. ಎರಡೂ ಸೇರ್ಕಂಡು ಕೆಲ್ಸ ಮಾಡ್ತವೆ" ಎಂದ ಕರಿಯಪ್ಪ. ನ್ಯಾಯವಾದ ಮಾತು! ಹೊಳೆನರಸೀಪುರಕ್ಕೆ ಹೋಗಿ ಬೂಷ್ಟು ಸಾಯಿಸುವ ಔಷಧಿ ತಂದು, ಹೊಲಕ್ಕೆಲ್ಲ ಬುಡ ನೆನೆಯುವಂತೆ ಹುಯ್ದೆ. ಒಳ್ಳೆಯ ಬೂಷ್ಟು ಯಾವುದು, ಕೆಟ್ಟದ್ದು ಯಾವುದು ಎಂದು ಆ ಔಷಧಿಗೆ ಹೇಗೆ ಗೊತ್ತಾಗಬೇಕು? ನನಗೇ ಗೊತ್ತಾಗಲಿಲ್ಲ. ಹಾಗೆ ಮಾಡಬೇಡಿ ಎಂದು ತರಬೇತಿಯಲ್ಲಿ ಹೇಳಿದ್ದರಂತೆ. ಆಗ ನಾನು ಪಾಯಸದ ಸಾಲಿನಲ್ಲಿದ್ದೆ.

ಮಳೆ ಹಿಡಿಯಿತು, ಔಷಧಿ ತೊಳೆದುಹೋಯಿತು. ಸಾಕಿದ ಬೂಷ್ಟು ಸತ್ತಿತ್ತು. ಕೊಳೆ ಮಾತ್ರ ಆರಾಮಾಗಿ ಹಬ್ಬಿತು. ತರಬೇತಿ ಕೊಟ್ಟ ಸಾಹೇಬರು ಹೊಲ ನೋಡಲು ಬಂದಾಗ ಶುಂಠಿಯೆಲ್ಲ ಮಲಗಿತ್ತು.

"ನಿಮ್ಮ ಪುಡಿಯೇ ಸರಿಯಿಲ್ಲ ಸಾ" ಎಂದೆ ಗಂಭೀರವಾಗಿ.

ಅವರ ಕಣ್ಣು ಸೀರೆ ಬೇಲಿಯ ಮೇಲೆ ಬಿತ್ತು. ಒಳಗೆ ಸಾವಿತ್ರಿಯ ಸಾಲು ಹಚ್ಚಗೆ ನಿಂತಿತ್ತು.

"ಇಲ್ಲಿಗೂ ಅದೇ ಗೊಬ್ಬರವಾ? ಬೇರೆ ಏನು ಮಾಡಿದ್ರಿ ಅಮ್ಮಾ?"

"ಏನಿಲ್ಲ ಸಾ. ಇವ್ರು ಇಲ್ಲಿಗೆ ಬರ್ಲಿಲ್ಲ, ಅಷ್ಟೇಯ."

ಹೊಲ ಈಗ ಭಾವಮೈದನ ಕೈಯಲ್ಲಿದೆ. ಮೊದಲ ದಿನವೇ ಅಕ್ಕನಿಂದ ಇದ್ದಬದ್ದ ಹಳೆ ಸೀರೆಗಳನ್ನೆಲ್ಲ ಇಸಿದುಕೊಂಡು, ಹೊಲದ ಸುತ್ತ ಬಿಗಿದು ಕಟ್ಟಿದ್ದಾನೆ.

ಕೋಳಿಗಿರಬೇಕು ಎಂದುಕೊಂಡೆ. ಆದರೆ ನಮ್ಮ ಮನೆಯಲ್ಲಿ ಈಗ ಕೋಳಿಯೇ ಇಲ್ಲ!